ದೂರದಿಂದ ನೋಡಿದರೆ ಹೂವುಗಳು ಸಾಲುಗಟ್ಟುತ್ತವೆ: ಎಲೆ, ಬಳ್ಳಿ, ಹೂವಿನ ವಿನ್ಯಾಸವನ್ನು ಡಿಜಿಟಲ್ ಆಗಿ ಬರೆಯುವಾಗಿನ ತೊಡಕುಗಳು

ಎಲೆಮರೆ

ಎಲ್ಲರಿಗೂ ನಮಸ್ಕಾರ. ಗಿಡದ ಮುಂದೆ ಕುಳಿತು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು ನನಗೆ ಹಳೆಯ ಅಭ್ಯಾಸ. ಟ್ಯಾಬ್ಲೆಟ್ಟಿನ ಮೇಲೆ ಬರೆಯತೊಡಗಿ ಇನ್ನೂ ನಾಲ್ಕು ತಿಂಗಳಾಗಿಲ್ಲ. ಬಳ್ಳಿ, ಎಲೆ ಮತ್ತು ದಾಸವಾಳದ ಹೂವನ್ನಿಟ್ಟುಕೊಂಡು, ಬಟ್ಟೆಯ ಮೇಲೆ ಮುದ್ರಿಸಲು ತಕ್ಕ ವಿನ್ಯಾಸವೊಂದನ್ನು ಕ್ರಿತಾ ತಂತ್ರಾಂಶದಲ್ಲಿ ಸಿದ್ಧಪಡಿಸಿದ್ದೇನೆ. ಡಬ್ಲ್ಯೂ ಕೀಲಿಯನ್ನು ಒತ್ತಿದರೆ ಕ್ಯಾನ್ವಾಸು ನಾಲ್ಕೂ ದಿಕ್ಕಿಗೆ ಮರುಕಳಿಸುತ್ತ ಹೋಗುವ ಸೌಲಭ್ಯವನ್ನು ಬಳಸಿದ್ದರಿಂದ, ಬಲ ಅಂಚಿನಿಂದ ಹೊರಗೆ ಹೋದ ಗೆರೆ ಎಡ ಅಂಚಿನಿಂದ ತಾನಾಗಿಯೇ ಒಳಬಂದು ಕೂಡಿಕೊಂಡಿದೆ. ಜೋಡಣೆಯಲ್ಲಿ ಎಲ್ಲಿಯೂ ಬಿರುಕಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಮರುಕಳಿಸುವ ಒಂದು ಚೌಕವನ್ನು ಹತ್ತಿರದಿಂದ ನೋಡಿದಾಗ ಸಮಾಧಾನವೆನಿಸುತ್ತದೆ, ಆದರೆ ಒಂಬತ್ತು ಚೌಕಗಳನ್ನು ಜೋಡಿಸಿ ದೂರದಿಂದ ನೋಡಿದಾಗ ಹೂವುಗಳು ಕವಾಯತಿಗೆ ನಿಂತಂತೆ ಸಾಲುಗಟ್ಟುತ್ತವೆ, ಮತ್ತು ಎಲೆಗಳ ನಡುವಿನ ಖಾಲಿ ಜಾಗ ಮೇಲಿನಿಂದ ಕೆಳಗೆ ಕಾಲುವೆಯಂತೆ ಹರಿಯುತ್ತದೆ. ಅದಕ್ಕಿಂತಲೂ ಕಾಡುವ ಸಂಗತಿಯೆಂದರೆ, ಪೆನ್ಸಿಲಿನ ಬಿಡಿ ಚಿತ್ರದಲ್ಲಿದ್ದ ಜೀವ ಇಲ್ಲಿ ಉಳಿದಿಲ್ಲ. ತಪ್ಪಿರುವುದು ಜೋಡಿಸಿದ ರೀತಿಯಲ್ಲೋ, ಬರೆದ ರೀತಿಯಲ್ಲೋ ಎಂಬುದು ನನಗೆ ತಿಳಿಯುತ್ತಿಲ್ಲ.

ನೂಲುಬಣ್ಣ

ಎಲೆಮರೆ ಅವರೇ, ನಾನು ಬಟ್ಟೆ ಮುದ್ರಣದ ಕಡೆಯಿಂದ ಬಂದವರಲ್ಲಿ ಒಬ್ಬ, ಆದ್ದರಿಂದ ಜೋಡಣೆಯ ಬಗ್ಗೆ ಮೊದಲು ಹೇಳುತ್ತೇನೆ. ನೀವು ಬಳಸಿರುವುದು ನೇರ ಜಾಲ, ಅಂದರೆ ಪ್ರತಿ ಚೌಕವೂ ಪಕ್ಕದ ಚೌಕದ ಸಮಕ್ಕೆ ನಿಲ್ಲುವ ಜೋಡಣೆ. ಗಿಡಮರಗಳ ವಿನ್ಯಾಸಕ್ಕೆ ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಹಾಫ್ ಡ್ರಾಪ್. ಇದರಲ್ಲಿ ಪ್ರತಿ ಎರಡನೆಯ ಕಂಬಸಾಲು ಚೌಕದ ಅರ್ಧ ಎತ್ತರದಷ್ಟು ಕೆಳಗೆ ಜಾರಿರುತ್ತದೆ. ಅಡೋಬಿಯ ಇಲಸ್ಟ್ರೇಟರ್ ಚಿತ್ರ ತಂತ್ರಾಂಶದಲ್ಲಿ 2012ರ ಸಿಎಸ್6 ಆವೃತ್ತಿಯಿಂದಲೇ ಪ್ಯಾಟರ್ನ್ ಆಪ್ಷನ್ಸ್ ಫಲಕವಿದ್ದು, ಅಲ್ಲಿ ಬ್ರಿಕ್ ಬೈ ಕಾಲಮ್ ಎಂಬುದನ್ನು ಆರಿಸಿದರೆ ಇದು ಸಿಗುತ್ತದೆ.

ಕ್ರಿತಾದ ಮರುಕಳಿಕೆ ನೇರ ಜಾಲದಲ್ಲಿಯೇ ನಡೆಯುವುದರಿಂದ ನೀವು ಸ್ವಲ್ಪ ಬಳಸು ದಾರಿ ಹಿಡಿಯಬೇಕಾಗುತ್ತದೆ. ಕ್ಯಾನ್ವಾಸಿನ ಅಗಲವನ್ನು ಎರಡು ಪಟ್ಟು ಮಾಡಿ, ಎಡ ಅರ್ಧದಲ್ಲಿ ನಿಮ್ಮ ಚೌಕವನ್ನು ಇದ್ದ ಹಾಗೆಯೇ ಇಟ್ಟು, ಬಲ ಅರ್ಧದಲ್ಲಿ ಅದರ ಪ್ರತಿಯನ್ನು ಅರ್ಧ ಎತ್ತರದಷ್ಟು ಕೆಳಗೆ ಸರಿಸಿ, ಕೆಳಗೆ ಹೊರಬಿದ್ದ ಭಾಗವನ್ನು ಮೇಲೆ ತಂದು ಕೂರಿಸಿರಿ. ಈಗ ಈ ಎರಡು ಪಟ್ಟು ಅಗಲದ ಆಯತವೇ ನೇರ ಜಾಲದಲ್ಲಿ ಮರುಕಳಿಸುವ ಘಟಕವಾಗುತ್ತದೆ. ನಡುವಿನ ಗಡಿಯಲ್ಲಿ ತುಂಡಾದ ಎಲೆಗಳನ್ನು ಮಾತ್ರ ಕೈಯಿಂದ ತಿದ್ದಿ ಕೂಡಿಸಬೇಕಾಗುತ್ತದೆ.

ಕಿರುಗೆರೆ

ನೂಲುಬಣ್ಣ ಅವರು ಹೇಳಿದ್ದು ಸರಿಯಾದ ವಿಧಾನವೇ, ಆದರೆ ಅದರಿಂದ ರೋಗ ವಾಸಿಯಾಗುವುದಿಲ್ಲ, ನೋವು ಜಾಗ ಬದಲಿಸುತ್ತದೆ ಅಷ್ಟೇ ಎಂಬುದು ನನ್ನ ಅನುಭವ. ಅಡ್ಡಸಾಲಿನಲ್ಲಿ ಕಾಣುತ್ತಿದ್ದ ಹೂವುಗಳು ಹಾಫ್ ಡ್ರಾಪ್ ಮಾಡಿದಾಗ ಓರೆಸಾಲಿನಲ್ಲಿ ಕಾಣತೊಡಗುತ್ತವೆ. ಓರೆಸಾಲು ಕಣ್ಣಿಗೆ ಅಷ್ಟು ಚುಚ್ಚುವುದಿಲ್ಲವೆಂಬುದು ನಿಜ, ಆದರೂ ಸಾಲು ಸಾಲೇ.

ನಿಮ್ಮ ಚೌಕದಲ್ಲಿ ಮಿಕ್ಕೆಲ್ಲವನ್ನೂ ಮೀರಿಸುವ ಒಂದು ವಸ್ತುವಿದೆಯೇ ಎಂದು ಮೊದಲು ನೋಡಿರಿ. ಎಲ್ಲ ಎಲೆಗಳಿಗಿಂತ ಮೂರು ಪಟ್ಟು ದೊಡ್ಡದಾದ ಒಂದೇ ಒಂದು ಕೆಂಪು ಹೂವಿದ್ದರೆ, ಯಾವ ಜೋಡಣೆಯೂ ಅದನ್ನು ಅಡಗಿಸಲಾರದು. ಕಣ್ಣು ಒಂದು ಹೂವಿನಿಂದ ಇನ್ನೊಂದಕ್ಕೆ ಜಿಗಿದು ತಾನೇ ಗೆರೆ ಎಳೆಯುತ್ತದೆ. ಅದೇ ಚೌಕದಲ್ಲಿ ಬೇರೆ ಬೇರೆ ಗಾತ್ರದ ಮತ್ತು ಬೇರೆ ಬೇರೆ ದಿಕ್ಕಿಗೆ ತಿರುಗಿದ ಐದು ಹೂವುಗಳಿದ್ದು, ಅವುಗಳಲ್ಲಿ ಯಾವ ಎರಡೂ ಒಂದೇ ಅಡ್ಡಗೆರೆಯ ಮೇಲಾಗಲಿ ಒಂದೇ ಲಂಬಗೆರೆಯ ಮೇಲಾಗಲಿ ನಿಂತಿಲ್ಲದಿದ್ದರೆ, ನೇರ ಜಾಲದಲ್ಲಿಯೂ ಸಾಲು ಸುಲಭವಾಗಿ ಗೋಚರಿಸುವುದಿಲ್ಲ. ಚಿತ್ರವನ್ನು ಬೂದುಬಣ್ಣಕ್ಕೆ ತಿರುಗಿಸಿ, ಒಂಬತ್ತು ಚೌಕಗಳನ್ನು ಹೆಬ್ಬೆರಳಿನಷ್ಟು ಚಿಕ್ಕದಾಗಿಸಿ, ಕಣ್ಣನ್ನು ಅರೆಮುಚ್ಚಿ ನೋಡಿರಿ. ಆಗ ಯಾವುದು ಎದ್ದು ಕಾಣುತ್ತದೆಯೋ ಅದೇ ನಿಮ್ಮ ಶತ್ರು.

ಖಾಲಿ ಜಾಗದ ಕಾಲುವೆಗೆ ಕಾರಣ ಇನ್ನೂ ಸರಳ. ನೀವು ಎಲೆಗಳನ್ನು ಬರೆದಿದ್ದೀರಿ, ಎಲೆಗಳ ನಡುವಿನ ಜಾಗವನ್ನು ಬರೆದಿಲ್ಲ. ಹಿನ್ನೆಲೆಗೆ ಗಾಢ ಬಣ್ಣ ತುಂಬಿ, ಸ್ವಲ್ಪ ಹೊತ್ತು ಎಲೆಗಳನ್ನು ಮರೆತು, ಹಿನ್ನೆಲೆಯ ತುಣುಕುಗಳನ್ನೇ ಆಕಾರಗಳೆಂದು ಭಾವಿಸಿ ನೋಡಿದರೆ, ಎಲ್ಲಿ ಒಂದು ತುಣುಕು ಇನ್ನೊಂದಕ್ಕೆ ಬಾಗಿಲು ತೆರೆದು ಕೊಳ್ಳುತ್ತದೆಯೋ ಅಲ್ಲೊಂದು ಎಲೆತುದಿಯನ್ನೋ ಬಳ್ಳಿಯ ಕುಡಿಯನ್ನೋ ಅಡ್ಡ ಚಾಚಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಇನ್ನು ಜೀವದ ಪ್ರಶ್ನೆ. ನೀವು ಎಷ್ಟು ಬಗೆಯ ಎಲೆಗಳನ್ನು ಬರೆದು ಪ್ರತಿ ಮಾಡಿದ್ದೀರಿ, ಮತ್ತು ಅವು ಬಳ್ಳಿಗೆ ಎಲ್ಲಿ ಹೇಗೆ ಕೂಡುತ್ತವೆ ಎಂಬುದನ್ನು ತಿಳಿಸುವಿರಾ?

ಎಲೆಮರೆ

ಕಿರುಗೆರೆ ಅವರೇ, ನೀವು ಕೇಳಿದ ಮೇಲೆ ಎಣಿಸಿದೆ. ಎಲೆಗಳು ಮೂರು ಬಗೆ. ಅವುಗಳನ್ನೇ ತಿರುಗಿಸಿ, ಮಗುಚಿ, ಹಿಗ್ಗಿಸಿ ನಲವತ್ತೆರಡು ಕಡೆ ಇಟ್ಟಿದ್ದೇನೆ. ಹೂವು ಒಂದೇ. ಬಳ್ಳಿಯನ್ನು ಮೊದಲು ಎಳೆದು, ಖಾಲಿ ಕಂಡಲ್ಲೆಲ್ಲ ಎಲೆಯನ್ನು ಅಂಟಿಸುತ್ತ ಹೋದೆ. ಬರೆಯುವಾಗ ಇದು ತಪ್ಪೆಂದು ತೋರಲಿಲ್ಲ, ಆದರೆ ಈಗ ಬಿಡಿಸಿ ಹೇಳುವಾಗ ನಾಚಿಕೆಯಾಗುತ್ತಿದೆ.

ಕಿರುಗೆರೆ

ನಾಚಿಕೆಪಡುವಂಥದ್ದು ಏನೂ ಇಲ್ಲ, ಇಲ್ಲಿರುವ ಎಲ್ಲರೂ ಆ ಹಂತವನ್ನು ದಾಟಿಯೇ ಬಂದಿದ್ದೇವೆ. ಆದರೆ ನಿಮ್ಮ ಉತ್ತರದಲ್ಲಿಯೇ ಕಾರಣವಿದೆ. ಪೆನ್ಸಿಲಿನಲ್ಲಿ ಬರೆಯುವಾಗ ನೀವು ಗಿಡ ಬೆಳೆದ ಕ್ರಮದಲ್ಲಿಯೇ ಕೈಯಾಡಿಸುತ್ತಿದ್ದಿರಿ: ಕಾಂಡ, ಗಿಣ್ಣು, ತೊಟ್ಟು, ಎಲೆ. ತೆರೆಯ ಮೇಲೆ ಬಂದ ಕೂಡಲೇ ಜಾಗ ತುಂಬಿಸುವವರಾದಿರಿ. ಎಲೆಗಳು ಒಂದೇ ಅಚ್ಚಿನವಾಗಿರುವುದಕ್ಕಿಂತ, ಅವು ಎಲ್ಲಿಂದ ಹುಟ್ಟಿದವು ಎಂಬುದು ಕಾಣದಿರುವುದೇ ವಿನ್ಯಾಸವನ್ನು ನಿರ್ಜೀವಗೊಳಿಸುತ್ತದೆ.

ಬಹಳ ಸಸ್ಯಶಾಸ್ತ್ರವೇನೂ ಬೇಕಾಗಿಲ್ಲ. ನೀವು ಆರಿಸಿಕೊಂಡ ಗಿಡ ತನ್ನ ಎಲೆಗಳನ್ನು ಹೇಗೆ ಜೋಡಿಸಿಕೊಂಡಿದೆ ಎಂಬುದೊಂದನ್ನು ತಿಳಿದರೆ ಸಾಕು. ಕೆಲವು ಗಿಡಗಳಲ್ಲಿ ಗಿಣ್ಣಿಗೊಂದು ಎಲೆ ಪರ್ಯಾಯವಾಗಿ ಬರುತ್ತದೆ, ದಾಸವಾಳದಲ್ಲಿಯೂ ಹೀಗೆಯೇ. ತುಳಸಿಯ ಕುಟುಂಬದ ಗಿಡಗಳಲ್ಲಿ ಎರಡೆರಡು ಎಲೆಗಳು ಎದುರುಬದುರಾಗಿ ಬರುತ್ತವೆ, ಮತ್ತು ಪ್ರತಿ ಜೋಡಿಯೂ ತನ್ನ ಕೆಳಗಿನ ಜೋಡಿಗೆ ಅಡ್ಡಲಾಗಿ ತಿರುಗಿರುತ್ತದೆ. ಇದರ ಪರಿಣಾಮವನ್ನು ಗಮನಿಸಿರಿ: ಚಪ್ಪಟೆ ಚಿತ್ರದಲ್ಲಿ ಒಂದು ಜೋಡಿ ಅಗಲವಾಗಿ ಚಾಚಿಕೊಂಡಿದ್ದರೆ, ಅದರ ಮೇಲಿನ ಜೋಡಿ ನಮ್ಮ ಕಡೆಗೂ ಹಿಂದಕ್ಕೂ ಬಾಗಿ ಕಿರಿದಾಗಿ ಕಾಣುತ್ತದೆ, ಅದರ ಮೇಲಿನದು ಮತ್ತೆ ಅಗಲ. ಈ ಒಂದು ನಿಯಮವನ್ನು ಪಾಲಿಸಿದರೆ ಎರಡೇ ಬಗೆಯ ಎಲೆಗಳಿಂದಲೂ ವಿನ್ಯಾಸಕ್ಕೆ ಉಸಿರಾಟ ಬರುತ್ತದೆ.

ಕವಲುಗಳ ದಪ್ಪಕ್ಕೂ ಒಂದು ಲೆಕ್ಕವಿದೆ. ಕವಲುಗಳ ಒಟ್ಟು ದಪ್ಪ ಸೇರಿದರೆ ಅವು ಒಡೆದು ಬಂದ ಕಾಂಡದ ದಪ್ಪಕ್ಕೆ ಸಮವಾಗುತ್ತದೆ ಎಂದು ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ. ಇಲ್ಲಿ ದಪ್ಪವೆಂದರೆ ಅಡ್ಡ ಕೊಯ್ದಾಗ ಸಿಗುವ ವಿಸ್ತೀರ್ಣ. ಎಲ್ಲ ಮರಗಳೂ ಇದನ್ನು ಕರಾರುವಾಕ್ಕಾಗಿ ಪಾಲಿಸುವುದಿಲ್ಲ, ಆದರೆ ಬರೆಯುವವರಿಗೆ ಇದು ಒಳ್ಳೆಯ ಊರುಗೋಲು: 20 ಪಿಕ್ಸೆಲ್ ಅಗಲದ ಬ್ರಷ್ಷಿನಲ್ಲಿ ಎಳೆದ ಕಾಂಡ ಎರಡು ಸಮ ಕವಲುಗಳಾಗಿ ಒಡೆದರೆ, ಪ್ರತಿ ಕವಲೂ 10 ಪಿಕ್ಸೆಲ್ ಅಲ್ಲ, ಸುಮಾರು 14 ಪಿಕ್ಸೆಲ್ ಇರಬೇಕು. ಹೊಸಬರು ಬರೆದ ಕವಲುಗಳು ತಂತಿಯಂತೆ ಕಾಣುವುದು ಬಹುಪಾಲು ಇಲ್ಲಿಯೇ.

ಮಸಿಕುಂಚ

ದಾಸವಾಳದ ಮಾತು ಬಂದದ್ದರಿಂದ ಒಂದು ಸೂಕ್ಷ್ಮವನ್ನು ಹೇಳಬೇಕೆನಿಸುತ್ತದೆ, ಏಕೆಂದರೆ ಇದರಲ್ಲಿ ನಾನೊಂದು ಇಡೀ ವಾರವನ್ನು ಕಳೆದುಕೊಂಡಿದ್ದೇನೆ. ದಾಸವಾಳದ ಐದು ಎಸಳುಗಳು ತಿರುಚಿದಂತೆ ಹೊಂದಿಕೊಂಡಿರುತ್ತವೆ. ಪ್ರತಿ ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲಿದ್ದರೆ, ಇನ್ನೊಂದು ಅಂಚು ಆಚೆಯ ಎಸಳಿನ ಕೆಳಗಿರುತ್ತದೆ. ಇಂಥ ಹೂವನ್ನು ಕನ್ನಡಿ ಸಮ್ಮಿತಿಯ ಉಪಕರಣದಲ್ಲಿ ಬರೆದರೆ ಎಡ ಬಲ ಒಂದೇ ಆಗಿ ಆ ತಿರುಚು ಸತ್ತೇ ಹೋಗುತ್ತದೆ. ಆದ್ದರಿಂದ ಕನ್ನಡಿಯನ್ನು ಬಿಟ್ಟು ಸುತ್ತು ಸಮ್ಮಿತಿಯನ್ನು ಆರಿಸಿರಿ; ಕ್ರಿತಾದ ಮಲ್ಟಿಬ್ರಷ್ ಉಪಕರಣದಲ್ಲಿ ಕುಂಚಗಳ ಸಂಖ್ಯೆಯನ್ನು 5 ಎಂದು ಕೊಟ್ಟರೆ ಒಂದು ಎಸಳಿನ ಗೆರೆ ಐದು ಕಡೆಯೂ ಮೂಡುತ್ತದೆ.

ಮುಂದಿನ ಸಿಕ್ಕು ಪದರಗಳದ್ದು. ಐದು ಎಸಳುಗಳನ್ನು ಐದು ಲೇಯರುಗಳಲ್ಲಿಟ್ಟು ಒಂದರ ಮೇಲೊಂದು ಜೋಡಿಸಿದರೆ, ಎರಡನೆಯದು ಒಂದನೆಯದರ ಮೇಲೆ, ಮೂರನೆಯದು ಎರಡನೆಯದರ ಮೇಲೆ ಎಂದು ಸುಸೂತ್ರವಾಗಿ ಸಾಗಿ, ಐದನೆಯದಕ್ಕೆ ಬಂದಾಗ ನಿಂತುಬಿಡುತ್ತದೆ. ಒಂದನೆಯ ಎಸಳು ಐದನೆಯದರ ಮೇಲೆ ಬರಬೇಕು, ಆದರೆ ಅದು ಲೇಯರುಗಳ ಸಾಲಿನಲ್ಲಿ ಎಲ್ಲಕ್ಕಿಂತ ಕೆಳಗಿದೆ. ಲೇಯರುಗಳ ಕ್ರಮವನ್ನು ಎಷ್ಟು ಬದಲಾಯಿಸಿದರೂ ಈ ಸುತ್ತು ಮುಗಿಯುವುದಿಲ್ಲ. ಒಂದನೆಯ ಎಸಳಿನ ಪ್ರತಿಯೊಂದನ್ನು ಎಲ್ಲಕ್ಕಿಂತ ಮೇಲಿಟ್ಟು, ಅದು ಐದನೆಯದನ್ನು ಮುಚ್ಚುವ ಅರ್ಧವನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಮಾಸ್ಕಿನಿಂದ ಮರೆಮಾಡುವುದೇ ಇದಕ್ಕಿರುವ ಪರಿಹಾರ. ನಾನು ಇದನ್ನು ಅರಿಯದೆ, ನಾಲ್ಕು ಎಸಳು ಸರಿಯಾಗಿದ್ದು ಒಂದು ಮಾತ್ರ ಹಿಂದೆ ಸರಿದ ಹೂವುಗಳನ್ನು ಒಂದು ಇಡೀ ಚೌಕಕ್ಕೆ ತುಂಬಿಸಿದ್ದೆ.

ಬಳ್ಳಿಗಳನ್ನು ಮಗುಚುವಾಗಲೂ ಇದೇ ಎಚ್ಚರಿಕೆ ಬೇಕು. ಆಸರೆಗೆ ಸುತ್ತಿಕೊಂಡು ಏರುವ ಬಳ್ಳಿ, ಉದಾಹರಣೆಗೆ ಹುರುಳಿಯ ಜಾತಿಯದು, ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಸುತ್ತುತ್ತದೆ. ಚಿತ್ರವನ್ನು ಅಡ್ಡಲಾಗಿ ಮಗುಚಿದ ಕೂಡಲೇ ಸುತ್ತು ತಿರುಗಿಬಿಡುತ್ತದೆ, ಮತ್ತು ಒಂದೇ ವಿನ್ಯಾಸದಲ್ಲಿ ಎರಡೂ ದಿಕ್ಕಿನ ಸುತ್ತುಗಳಿದ್ದರೆ ನೋಡುವವರಿಗೆ ಕಾರಣ ಹೊಳೆಯದಿದ್ದರೂ ಏನೋ ಸರಿಯಿಲ್ಲವೆನಿಸುತ್ತದೆ. ತಿರುಗಿಸಿರಿ, ಆದರೆ ಮಗುಚುವ ಮುನ್ನ ಎರಡು ಬಾರಿ ಯೋಚಿಸಿರಿ.

ಇನ್ನೊಂದು ಮಾತು. ಪಿಕ್ಸೆಲ್ ಚಿತ್ರವನ್ನು ಪ್ರತಿ ಸಲ ತಿರುಗಿಸಿದಾಗಲೂ ತಂತ್ರಾಂಶ ಪಿಕ್ಸೆಲ್ಲುಗಳನ್ನು ಹೊಸದಾಗಿ ಲೆಕ್ಕ ಹಾಕುವುದರಿಂದ ಗೆರೆಗಳು ಸ್ವಲ್ಪ ಸ್ವಲ್ಪವೇ ಮಸುಕಾಗುತ್ತವೆ. ಪ್ರತಿಯ ಪ್ರತಿಯನ್ನು ತಿರುಗಿಸದೆ, ಯಾವಾಗಲೂ ಮೂಲ ಎಲೆಯಿಂದಲೇ ಹೊಸ ಪ್ರತಿ ತೆಗೆದು ಒಂದೇ ಸಲಕ್ಕೆ ತಿರುಗಿಸಿ ಹಿಗ್ಗಿಸಿರಿ, ಇಲ್ಲವೇ ಮೂಲವನ್ನು ಮುಟ್ಟದೆ ತಿರುವನ್ನಷ್ಟೇ ತೋರಿಸುವ ಟ್ರಾನ್ಸ್‌ಫಾರ್ಮ್ ಮಾಸ್ಕ್ ಬಳಸಿರಿ.

ಸುರುಳಿಲೆಕ್ಕ

ನಾನು ಕೈಯಿಂದ ಬರೆಯುವುದಕ್ಕಿಂತ ಲೆಕ್ಕದಿಂದ ಬರೆಸುವವನು, ಆದ್ದರಿಂದ ಕಿರುಗೆರೆ ಅವರು ಹೇಳಿದ ಬೆಳವಣಿಗೆಯ ನಿಯಮಕ್ಕೆ ನನ್ನ ಕಡೆಯ ಉದಾಹರಣೆಯೊಂದನ್ನು ಕೊಡುತ್ತೇನೆ. ಸೂರ್ಯಕಾಂತಿಯ ನಡುಭಾಗವನ್ನು ಬರೆಯಲು ಹೆಚ್ಚಿನವರು ವೃತ್ತದೊಳಗೆ ವೃತ್ತಗಳನ್ನು ಹಾಕಿ ಚುಕ್ಕೆಗಳನ್ನಿಡುತ್ತಾರೆ. ಅದು ಜರಡಿಯಂತೆ ಕಾಣುತ್ತದೆಯೇ ಹೊರತು ಹೂವಿನಂತಲ್ಲ. 1979ರಲ್ಲಿ ಹೆಲ್ಮುಟ್ ವೋಗೆಲ್ ಮುಂದಿಟ್ಟ ಸೂತ್ರ ಎಷ್ಟು ಚಿಕ್ಕದೆಂದರೆ ಯಾರು ಬೇಕಾದರೂ ಬಳಸಬಹುದು: ಪ್ರತಿ ಹೊಸ ಬೀಜವನ್ನು ಹಿಂದಿನದಕ್ಕಿಂತ 137.5 ಡಿಗ್ರಿ ತಿರುಗಿಸಿ ಇಡುವುದು, ಮತ್ತು ಕೇಂದ್ರದಿಂದ ಅದರ ದೂರವನ್ನು ಬೀಜದ ಕ್ರಮಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚಿಸುವುದು. ಅಳತೆಯ ಗುಣಕವನ್ನು 8 ಪಿಕ್ಸೆಲ್ ಎಂದಿಟ್ಟುಕೊಂಡರೆ 100ನೆಯ ಬೀಜ ಕೇಂದ್ರದಿಂದ 80 ಪಿಕ್ಸೆಲ್ ದೂರದಲ್ಲಿಯೂ 400ನೆಯದು 160 ಪಿಕ್ಸೆಲ್ ದೂರದಲ್ಲಿಯೂ ಬೀಳುತ್ತದೆ. ವರ್ಗಮೂಲವೇ ಏಕೆಂದರೆ, ಆಗ ಮಾತ್ರ ಒಳಗಿನ ಬೀಜಕ್ಕೂ ಹೊರಗಿನ ಬೀಜಕ್ಕೂ ಸಮನಾದ ಜಾಗ ಸಿಗುತ್ತದೆ. ಹೀಗೆ ಇಟ್ಟ ಬೀಜಗಳ ನಡುವೆ, ನಿಜವಾದ ಸೂರ್ಯಕಾಂತಿಯಲ್ಲಿ ಎಣಿಸಿದಾಗ ಸಿಗುವಂತೆಯೇ, ಒಂದು ದಿಕ್ಕಿಗೆ 34 ಮತ್ತು ಇನ್ನೊಂದು ದಿಕ್ಕಿಗೆ 55 ಸುರುಳಿಗಳು ಕಾಣಸಿಗುತ್ತವೆ.

ಕೋನವನ್ನು 137.5ರ ಬದಲು 137.3 ಎಂದು ಕೊಟ್ಟು ನೋಡಿರಿ. ಒಂದು ಡಿಗ್ರಿಯ ಐದನೆಯ ಒಂದು ಭಾಗದಷ್ಟು ವ್ಯತ್ಯಾಸಕ್ಕೆ ಇಡೀ ತಟ್ಟೆ ಬಿಚ್ಚಿಕೊಂಡು, ನಡುವೆ ಖಾಲಿ ಸಂದುಗಳಿರುವ ಸುರುಳಿಗಳಾಗಿ ಒಡೆಯುತ್ತದೆ. 90 ಡಿಗ್ರಿ ಕೊಟ್ಟರೆ ನಾಲ್ಕು ಕಡ್ಡಿಗಳಷ್ಟೇ ಉಳಿಯುತ್ತವೆ. ಸಾಲು ಏಕೆ ಕಾಣುತ್ತದೆ, ಏಕೆ ಕಾಣುವುದಿಲ್ಲ ಎಂಬ ಎಲೆಮರೆ ಅವರ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ಗೊತ್ತಿಲ್ಲ. ಕೋಡ್ ಬರೆಯಲು ಬಾರದವರು ಚಿತ್ರ ತಂತ್ರಾಂಶವಾದ ಇಂಕ್‌ಸ್ಕೇಪಿನ ಟೈಲ್ಡ್ ಕ್ಲೋನ್ಸ್ ಸಂವಾದಪೆಟ್ಟಿಗೆಯಲ್ಲಿ ಪ್ರತಿ ಕಾಲಮಿಗೆ ಇಷ್ಟು ಡಿಗ್ರಿ ತಿರುವು ಎಂದು ಕೊಟ್ಟು ಇಂಥ ಸುರುಳಿಗಳನ್ನು ಪಡೆಯಬಹುದು. ಸಮತಲವನ್ನು ಮರುಕಳಿಕೆಯಿಂದ ತುಂಬುವ ಸಮ್ಮಿತಿಗಳು 17 ಮಾತ್ರವೆಂದು 1891ರಲ್ಲಿ ರಷ್ಯಾದ ಸ್ಫಟಿಕಶಾಸ್ತ್ರಜ್ಞ ಫೆಡೊರೊವ್ ಸಾಧಿಸಿ ತೋರಿಸಿದ್ದು, ಆ ಹದಿನೇಳೂ ಅದೇ ಪೆಟ್ಟಿಗೆಯ ಪಟ್ಟಿಯಲ್ಲಿವೆ. ಮೂಲ ಎಲೆಯನ್ನು ತಿದ್ದಿದರೆ ಎಲ್ಲ ಕ್ಲೋನುಗಳೂ, ಅಂದರೆ ಅದರ ಪ್ರತಿಗಳೂ, ತಿದ್ದಿಕೊಳ್ಳುತ್ತವೆ ಎಂಬುದು ಇದರ ದೊಡ್ಡ ಅನುಕೂಲ.

ಮೀನಿನ ಮೈಮೇಲಿನ ಪಟ್ಟೆ, ಚಿರತೆಯ ಚುಕ್ಕೆ ಮುಂತಾದವುಗಳಿಗೆ ಬೇರೆ ದಾರಿಯಿದೆ. ಹರಡುವ ಎರಡು ರಾಸಾಯನಿಕಗಳ ಪೈಪೋಟಿಯಿಂದಲೇ ಇಂಥ ಗುರುತುಗಳು ಹುಟ್ಟಬಲ್ಲವೆಂದು 1952ರಲ್ಲಿ ಅಲನ್ ಟ್ಯೂರಿಂಗ್ ತೋರಿಸಿದರು. ಚಿತ್ರ ತಂತ್ರಾಂಶದಲ್ಲಿ ಅದರ ಅಗ್ಗದ ಅನುಕರಣೆ ಹೀಗೆ: ಕಪ್ಪು ಬಿಳುಪಿನ ನಾಯ್ಸ್ (ಅಡ್ಡಾದಿಡ್ಡಿ ಚುಕ್ಕೆಗಳು) ತುಂಬಿ, ಅದನ್ನು ಬ್ಲರ್ ಮಾಡಿ ಮಸುಕಾಗಿಸುವುದು, ಕೂಡಲೇ ಶಾರ್ಪನ್ ಮಾಡಿ ಅಂಚುಗಳನ್ನು ಹರಿತಗೊಳಿಸುವುದು, ಇದನ್ನೇ ಹತ್ತಿಪ್ಪತ್ತು ಬಾರಿ ಮುಂದುವರಿಸುವುದು. ಚುಕ್ಕೆಗಳು ಮೆಲ್ಲಗೆ ಕೂಡಿಕೊಂಡು ಚಕ್ರವ್ಯೂಹದಂತೆ ಬಳುಕುವ ಪಟ್ಟೆಗಳಾಗುತ್ತವೆ. ಬ್ಲರ್ ಅಂಚಿನಾಚೆ ಏನಿದೆಯೆಂದು ನೋಡಲಾರದಾದ್ದರಿಂದ ಜೋಡಣೆ ಕೆಡುತ್ತದೆ. ಒಂಬತ್ತು ಪ್ರತಿಗಳನ್ನು ಜೋಡಿಸಿ ಅದರ ಮೇಲೆ ಕೆಲಸ ಮಾಡಿ, ಆಗಾಗ ನಡುವಿನ ಚೌಕವನ್ನು ಕತ್ತರಿಸಿ ಮತ್ತೆ ಒಂಬತ್ತು ಕಡೆ ಹಾಕುತ್ತ ಹೋದರೆ ಅಂಚುಗಳು ಕೂಡಿಯೇ ಇರುತ್ತವೆ.

ಕಿರುಗೆರೆ

ಸುರುಳಿಲೆಕ್ಕ ಅವರ ವಿವರಣೆ ಸೊಗಸಾಗಿದೆ, ಆದರೂ ಒಂದು ತಕರಾರು. 137.5 ಡಿಗ್ರಿಯಲ್ಲಿ ಅಚ್ಚುಕಟ್ಟಾಗಿ ಬಿದ್ದ ನಾನೂರು ಒಂದೇ ಬಗೆಯ ಬೀಜಗಳು ನಿಯಮವನ್ನು ತೋರಿಸುತ್ತವೆ, ಹೂವನ್ನು ತೋರಿಸುವುದಿಲ್ಲ. ನಿಜವಾದ ಹೂವಿನಲ್ಲಿ ಒಂದು ಕಡೆಯ ಬೀಜಗಳು ಮೊದಲು ಬಲಿತಿರುತ್ತವೆ, ಇನ್ನೊಂದು ಕಡೆಯಲ್ಲಿ ಹಕ್ಕಿ ಕುಕ್ಕಿರುತ್ತದೆ. ಲೆಕ್ಕದಿಂದ ಬಂದ ಚುಕ್ಕೆಗಳನ್ನು ಕೆಳಗಿನ ಲೇಯರಿನಲ್ಲಿ ಮಸುಕಾಗಿಟ್ಟುಕೊಂಡು, ಅದರ ಮೇಲೆ ಕೈಯಿಂದ ಬರೆಯುವುದು ನನಗೆ ಒಪ್ಪಿಗೆಯಾದ ನಡುದಾರಿ.

ಸುರುಳಿಲೆಕ್ಕ

ಹಕ್ಕಿ ಕುಕ್ಕಿದ ಭಾಗವನ್ನೂ ಲೆಕ್ಕಕ್ಕೆ ತರಬಹುದೆಂದು ವಾದಿಸಬಹುದಿತ್ತು, ಆದರೆ ಅಷ್ಟು ಕೋಡ್ ಬರೆಯುವ ಹೊತ್ತಿಗೆ ನೀವು ಎರಡು ಹೂವು ಬರೆದು ಮುಗಿಸಿರುತ್ತೀರಿ. ಒಪ್ಪಿದೆ.

ಹೊಸಪುಟ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ಇದನ್ನೆಲ್ಲ ಪಿಕ್ಸೆಲ್ ತಂತ್ರಾಂಶದಲ್ಲಿ ಮಾಡುವುದು ಮೇಲೋ, ವೆಕ್ಟರಿನಲ್ಲೋ? ನಾನು ಇನ್ನೂ ಯಾವುದನ್ನೂ ಕಲಿತಿಲ್ಲ.

ಮಸಿಕುಂಚ

ಚಪ್ಪಟೆ ಬಣ್ಣದ, ಸ್ಪಷ್ಟ ಅಂಚಿನ ಆಕಾರಗಳು ನಿಮಗೆ ಇಷ್ಟವಾದರೆ ವೆಕ್ಟರ್, ಅಂದರೆ ಗೆರೆಗಳನ್ನು ಚುಕ್ಕೆಗಳಾಗಿ ಅಲ್ಲ, ಲೆಕ್ಕವಾಗಿ ಉಳಿಸಿಕೊಳ್ಳುವ ಬಗೆ. ಜಲವರ್ಣದಂತೆ ಹರಡುವ ಬಣ್ಣ, ಒಣ ಕುಂಚದ ಒರಟು ಬೇಕಿದ್ದರೆ ಪಿಕ್ಸೆಲ್. ಎರಡನ್ನೂ ಒಟ್ಟಿಗೆ ಕಲಿಯಲು ಹೊರಡಬೇಡಿರಿ.

ನೂಲುಬಣ್ಣ

ಪಿಕ್ಸೆಲ್ ಆರಿಸಿಕೊಂಡವರು ಅಳತೆಯ ಬಗ್ಗೆ ಮೊದಲೇ ತೀರ್ಮಾನಿಸಬೇಕು, ಏಕೆಂದರೆ ಆಮೇಲೆ ಹಿಗ್ಗಿಸಲಾಗುವುದಿಲ್ಲ. ಸುತ್ತುವ ಸಿಲಿಂಡರಿನಿಂದ ಮುದ್ರಿಸುವ ರೋಟರಿ ಸ್ಕ್ರೀನ್ ಯಂತ್ರಗಳಲ್ಲಿ ಸಿಲಿಂಡರಿನ ಸುತ್ತಳತೆ ಸಾಮಾನ್ಯವಾಗಿ 64 ಸೆಂಟಿಮೀಟರ್ ಇರುವುದರಿಂದ, ಚೌಕದ ಎತ್ತರ 64 ಅಥವಾ ಅದನ್ನು ಸಮವಾಗಿ ಭಾಗಿಸುವ 32, 16 ಆಗಿರಬೇಕಾಗುತ್ತದೆ. ನೇರವಾಗಿ ಡಿಜಿಟಲ್ ಮುದ್ರಣಕ್ಕೆ ಕಳುಹಿಸುವವರಿಗೆ ಈ ಕಟ್ಟುಪಾಡಿಲ್ಲ.

32 ಸೆಂಟಿಮೀಟರನ್ನು ಅಂಗುಲಕ್ಕೆ 300 ಪಿಕ್ಸೆಲ್ ಲೆಕ್ಕದಲ್ಲಿ ತೆಗೆದರೆ 3779.5 ಪಿಕ್ಸೆಲ್ ಬರುತ್ತದೆ. ಆ ಅರ್ಧ ಪಿಕ್ಸೆಲ್ಲೇ ಎಷ್ಟೋ ತೊಂದರೆಗಳ ಮೂಲ. ಚೌಕದ ಅಂಚು ಪಿಕ್ಸೆಲ್ಲಿನ ನಡುವೆ ಬಿದ್ದರೆ ತಂತ್ರಾಂಶ ಅಲ್ಲಿ ಅರೆಪಾರದರ್ಶಕ ಬಣ್ಣ ತುಂಬುತ್ತದೆ, ಮತ್ತು ಪ್ರತಿ ಜೋಡಣೆಯಲ್ಲಿಯೂ ಕೂದಲೆಳೆಯಂಥ ಬಿಳಿ ಗೆರೆ ಮೂಡುತ್ತದೆ. ನನ್ನ ಮೊದಲ ದೊಡ್ಡ ಕೆಲಸದಲ್ಲಿ ಈ ಗೆರೆಯನ್ನು ತೆರೆಯ ದೋಷವೆಂದು ನಾನೂ ನಂಬಿದೆ, ಮುದ್ರಣಾಲಯದವರೂ ನಂಬಿದರು. ಬಟ್ಟೆ ಹೊರಬಂದಾಗ ಗೆರೆಯೂ ಜೊತೆಗೇ ಬಂದಿತ್ತು. ವೆಕ್ಟರ್ ತಂತ್ರಾಂಶಗಳಲ್ಲಿ ಇಂಥ ಗೆರೆ ಎಷ್ಟೋ ಸಲ ನಿಜವಾಗಿಯೂ ತೆರೆಯ ಮೇಲಿನ ಭ್ರಮೆಯೇ ಆಗಿರುತ್ತದೆ, ಆದ್ದರಿಂದ ಶೇಕಡಾ 100ಕ್ಕೆ ಹಿಗ್ಗಿಸಿ, ಪಿಕ್ಸೆಲ್ ಚಿತ್ರವಾಗಿ ರಫ್ತು ಮಾಡಿ ಪರೀಕ್ಷಿಸದೆ ಯಾವ ತೀರ್ಮಾನಕ್ಕೂ ಬರಬೇಡಿರಿ. 3780 ಪಿಕ್ಸೆಲ್ ಇಟ್ಟುಕೊಂಡರೆ ಅದು 2, 3, 4ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಅರ್ಧ, ಮೂರನೆಯ ಒಂದು, ಕಾಲು ಯಾವ ಜಾರುವಿಕೆಗೂ ಒದಗುತ್ತದೆ. ಮೂರನೆಯ ಒಂದು ಭಾಗ ಜಾರಿಸುವುದನ್ನು ಎಲೆಮರೆ ಅವರು ಒಮ್ಮೆ ಪ್ರಯತ್ನಿಸಬೇಕು. ಕಿರುಗೆರೆ ಅವರು ದೂರಿದ ಓರೆಸಾಲು ಅಲ್ಲಿ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ಅಗಲವನ್ನು ಮೂರು ಪಟ್ಟು ಮಾಡಬೇಕಾಗುತ್ತದೆ, ಮತ್ತು 3780 ಪಿಕ್ಸೆಲ್ ಚೌಕದ ಒಂದು ಲೇಯರೇ ಸುಮಾರು 57 ಮೆಗಾಬೈಟ್ ನೆನಪನ್ನು ತಿನ್ನುವುದರಿಂದ ಟ್ಯಾಬ್ಲೆಟ್ಟು ಏದುಸಿರು ಬಿಟ್ಟರೆ ಅಚ್ಚರಿಯಿಲ್ಲ. ಜೋಡಣೆಯನ್ನು ಚಿಕ್ಕ ಅಳತೆಯ ಕರಡಿನಲ್ಲಿ ತೀರ್ಮಾನಿಸಿಕೊಂಡು ಆಮೇಲೆ ದೊಡ್ಡದಕ್ಕೆ ಹೋಗುವುದು ಒಳ್ಳೆಯದು.

ಬಣ್ಣದ ಬಗ್ಗೆ ಒಂದೇ ಮಾತು: ತೆರೆಯ ಮೇಲೆ ಹೊಳೆಯುವ ಎಳೆಹಸಿರು ನಾಲ್ಕು ಬಣ್ಣದ ಮುದ್ರಣದಲ್ಲಿ ಬರುವುದಿಲ್ಲ. ಎಂಟು ಹತ್ತು ಬಣ್ಣಗಳ ಫಲಕವನ್ನು ಮೊದಲೇ ಕಟ್ಟಿಕೊಂಡು, ಸಾಫ್ಟ್ ಪ್ರೂಫ್ (ಮುದ್ರಣದಲ್ಲಿ ಬಣ್ಣ ಹೇಗೆ ಬರುವುದೆಂದು ತೆರೆಯ ಮೇಲೆಯೇ ತೋರಿಸುವ ನೋಟ) ಹಾಕಿ ನೋಡುತ್ತ ಬರೆದರೆ ಕೊನೆಗೆ ಎದೆಯೊಡೆಯುವುದು ತಪ್ಪುತ್ತದೆ.

ಎಲೆಮರೆ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಹಳೆಯ ಚೌಕವನ್ನು ತಿದ್ದುವ ಆಸೆ ಬಿಟ್ಟು, ಮತ್ತೆ ಪೆನ್ಸಿಲಿನಿಂದಲೇ ಆರಂಭಿಸಿದೆ. ಮೊದಲು ಬರೆದದ್ದು ಕಾಂಡ ಮತ್ತು ಗಿಣ್ಣುಗಳನ್ನು ಮಾತ್ರ. ಗಿಣ್ಣಿಲ್ಲದ ಕಡೆ ಎಲೆಯನ್ನು ಇಡುವುದಿಲ್ಲವೆಂದು ನಿಶ್ಚಯಿಸಿಕೊಂಡೆ. ಇದರಿಂದ ಖಾಲಿ ಜಾಗ ತುಂಬಿಸುವುದು ಬಹಳ ಕಷ್ಟವಾಯಿತು, ಏಕೆಂದರೆ ಪ್ರತಿ ಸಂದಿಗೂ ಒಂದು ಕವಲನ್ನು ಎಲ್ಲಿಂದಲೋ ಬೆಳೆಸಿಕೊಂಡು ತರಬೇಕಾಯಿತು, ಆದರೆ ಹಾಗೆ ತಂದ ಕವಲುಗಳೇ ಕಾಲುವೆಗಳಿಗೆ ಅಡ್ಡಗಟ್ಟೆಗಳಾದವು. ಎಲೆಗಳು ಹನ್ನೊಂದು ಬಗೆಯಾಗಿವೆ, ಅವುಗಳಲ್ಲಿ ಎರಡಕ್ಕೆ ಹುಳು ತಿಂದ ತೂತುಗಳಿವೆ. ಹೂವುಗಳು ನಾಲ್ಕು: ಎದುರಿಗೆ ತಿರುಗಿದ್ದು, ಪಕ್ಕಕ್ಕೆ ತಿರುಗಿದ್ದು, ಬೆನ್ನು ತೋರಿಸುವುದು, ಬಾಡಿ ಸುರುಟಿಕೊಂಡದ್ದು. ಐದನೆಯ ಎಸಳಿನ ಮಾಸ್ಕ್ ಎದುರಿನ ಹೂವೊಂದಕ್ಕೆ ಮಾತ್ರ ಬೇಕಾಯಿತು. ಜೋಡಣೆಗೆ ಮೂರನೆಯ ಒಂದು ಭಾಗದ ಜಾರುವಿಕೆಯನ್ನು ಬಳಸಿದ್ದೇನೆ. ಒಂಬತ್ತು ಚೌಕಗಳ ಚಿತ್ರವನ್ನು ಬೂದುಬಣ್ಣದಲ್ಲಿಯೂ ಬಣ್ಣದಲ್ಲಿಯೂ ಜೊತೆಗಿಟ್ಟಿದ್ದೇನೆ, ದಯವಿಟ್ಟು ನೋಡಿರಿ.

ಕಿರುಗೆರೆ

ಬೆನ್ನು ತೋರಿಸುವ ಹೂವು ಬಹಳ ಚೆನ್ನಾಗಿದೆ. ಅದರ ತೊಟ್ಟು ಬಾಗಿದ ರೀತಿಯಲ್ಲಿ ನಿಮ್ಮ ಪೆನ್ಸಿಲಿನ ಕೈ ಕಾಣುತ್ತದೆ. ಬೂದುಬಣ್ಣದ ಚಿತ್ರದಲ್ಲಿ ನನಗೆ ಯಾವ ಸಾಲೂ ಸಿಗಲಿಲ್ಲ, ಆದರೆ ಬಣ್ಣದ ಚಿತ್ರದಲ್ಲಿ ಎಡಗಡೆ ಕೆಳಗೆ ಒಂದು ಹಳದಿ ಮೊಗ್ಗಿದೆ. ಅಷ್ಟು ಗಾಢವಾದ ಹಳದಿ ಬೇರೆಲ್ಲಿಯೂ ಇಲ್ಲದ್ದರಿಂದ ಅದೊಂದು ಚುಕ್ಕೆಸಾಲಾಗಿ ಮೇಲೇರುತ್ತದೆ. ಬೂದುಬಣ್ಣದ ಪರೀಕ್ಷೆಯಲ್ಲಿ ಅದು ತಪ್ಪಿಸಿಕೊಂಡದ್ದಕ್ಕೆ ಕಾರಣ ಅದರ ತಿಳಿತನ ಸುತ್ತಲಿನ ಎಲೆಗಳ ತಿಳಿತನಕ್ಕೆ ಸಮನಾಗಿರುವುದು. ನಾನು ಹೇಳಿದ ಪರೀಕ್ಷೆಯ ಕೊರತೆಯೂ ಇದರಿಂದ ತಿಳಿದಂತಾಯಿತು. ಅದನ್ನು ಎಲೆಯ ಹಸಿರಿನ ಕಡೆಗೆ ಎಳೆಯಿರಿ, ಇಲ್ಲವೇ ಅಂಥ ಇನ್ನೂ ಎರಡು ಮೊಗ್ಗುಗಳನ್ನು ಓರೆಯಾಗಿ ಬೇರೆ ಕಡೆ ಇಡಿರಿ.

ಎಲೆಮರೆ

ಎರಡು ಮೊಗ್ಗುಗಳನ್ನು ಸೇರಿಸಿದೆ, ಎರಡೂ ಗಿಣ್ಣಿನಿಂದಲೇ ಹುಟ್ಟಿವೆ. ಚುಕ್ಕೆಸಾಲು ಹೋಯಿತು. ಒಂದು ಮೊಗ್ಗಿಗೆ ಜಾಗ ಮಾಡಿಕೊಡಲು ಹುಳು ತಿಂದ ಎಲೆಯೊಂದನ್ನು ತೆಗೆಯಬೇಕಾಯಿತು, ಅದೊಂದು ಬೇಸರ ಮಾತ್ರ ಉಳಿದಿದೆ.